ಅತಿಥಿಯಿಂದ ನಮಗೇನು ಉಪಯೋಗ?

ನನ್ನ ತಂದೆ ಮದ್ದೂರಿನಲ್ಲಿ ಹುಣಸೆಹಣ್ಣಿನ ವ್ಯಾಪಾರ ಮಾಡುತ್ತಿದ್ದರು. ಸುತ್ತಲಿನ ಹಳ್ಳಿಗಳಿಗೆ ಹೋಗಿ, ಕಾಯಿ ಬಲಿಯುವ ಮೊದಲೇ ಮರಗಳನ್ನು ಗುತ್ತಿಗೆಗೆ ಹಿಡಿದು, ಹಣ್ಣಾದ ಮೇಲೆ ಆಳುಗಳಿಂದ ಬಡಿಸಿ, ಮೂಟೆ ಕಟ್ಟಿ ತರುವುದು ಅವರ ಕಸುಬು. ಒಂದು ವರ್ಷ ಕೊಕ್ಕರೆ ಬೆಳ್ಳೂರಿನ ಒಂದು ಮನೆಯ ಹಿತ್ತಿಲಲ್ಲಿದ್ದ ದೊಡ್ಡ ಮರಕ್ಕೆ ಒಳ್ಳೆಯ ಬೆಲೆಯನ್ನೇ ಕಟ್ಟಿದರಂತೆ. ಆ ಮನೆಯ ಯಜಮಾನಿ ನಕ್ಕುಬಿಟ್ಟರು. “ಏನ್ ಸಾಬ್ರೇ, ಹೆಣ್ಮಗ್ಳು ಬಾಣಂತನಕ್ಕೆ ಬಂದು ಮನೇಲಿ ಮಲಗವ್ಳೆ. ಈಗ ಮರ ಬಡುದ್ರೆ ಆಯ್ತದಾ?” ಎಂದರು. ತಂದೆ ತಲೆಯೆತ್ತಿ ನೋಡಿದರೆ ಮರದ ತುಂಬ ಕೊಕ್ಕರೆ ಗೂಡುಗಳು. ಇನ್ನಷ್ಟು ಹಣ ಸೇರಿಸಿ ಹೇಳಿದರು. ಆಕೆ ಒಪ್ಪಲಿಲ್ಲ. ಕುಡಿಯಲು ಮಜ್ಜಿಗೆ ಕೊಟ್ಟು ಕಳಿಸಿದರು.

ತಂದೆ ಇದನ್ನು ಕೈತಪ್ಪಿದ ವ್ಯಾಪಾರದ ಕತೆಯಾಗಿ ಮನೆಯಲ್ಲಿ ಹಲವು ಸಲ ಹೇಳಿದ್ದುಂಟು. ನಾವು ನಗುತ್ತಿದ್ದೆವು. ಅದರಲ್ಲಿ ನಗುವುದಕ್ಕಿಂತ ಹೆಚ್ಚಿನದೇನೋ ಇದೆ ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ನಂತರ, ಅದೂ ಸಾವಿರಾರು ಮೈಲಿ ದೂರದ ಸ್ಪೇನ್ ದೇಶದಲ್ಲಿ.

ಕೊಕ್ಕರೆ ಬೆಳ್ಳೂರು ಮದ್ದೂರು ತಾಲ್ಲೂಕಿನಲ್ಲಿ ಶಿಂಷಾ ನದಿಯ ಹತ್ತಿರವಿರುವ ಸಾಧಾರಣ ಹಳ್ಳಿ. ಅಲ್ಲಿ ದೊಡ್ಡ ಕೆರೆಯಿಲ್ಲ, ಕಾಡಿಲ್ಲ, ಬೇಲಿ ಹಾಕಿದ ಪಕ್ಷಿಧಾಮವೂ ಇರಲಿಲ್ಲ. ಆದರೂ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಪ್ರತಿವರ್ಷ ಚಳಿಗಾಲದಲ್ಲಿ ಬಂದು, ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿ ಬೆಳೆಸಿ, ಮುಂಗಾರಿನ ಹೊತ್ತಿಗೆ ಹೊರಟುಹೋಗುತ್ತವೆ. ಹಿಂದೆ ಊರು ನದಿಗೆ ಇನ್ನೂ ಸಮೀಪದಲ್ಲಿತ್ತು. 1916ರಲ್ಲಿ ಪ್ಲೇಗು ಬಂದಾಗ ಜನ ಆ ಜಾಗ ಬಿಟ್ಟು ಈಗಿನ ಜಾಗಕ್ಕೆ ಬಂದರು, ಹಕ್ಕಿಗಳೂ ಅವರ ಹಿಂದೆಯೇ ಬಂದವು ಎಂದು ಊರವರು ಹೇಳುತ್ತಾರೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನು ಕಂಡು ಹೊರಜಗತ್ತಿನ ಗಮನಕ್ಕೆ ತಂದರು. ಗೂಡಿರುವ ಮರದ ಒಡೆಯರಿಗೆ ಸರಕಾರ ಪರಿಹಾರ ಕೊಡುವ ಏರ್ಪಾಡು ಆ ಬಳಿಕದ್ದು. 1990ರ ದಶಕದಲ್ಲಿ ಊರಿನ ಯುವಕರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ ಸಾಕತೊಡಗಿದರು. 2007ರಲ್ಲಿ ಸರಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಈ ಹಕ್ಕಿಗಳು ಸೈಬೀರಿಯಾದಿಂದ ಬರುತ್ತವೆ ಎಂದು ಪ್ರವಾಸಿಗರು ಹೇಳುವುದುಂಟು. ಅದು ತಪ್ಪು. ಬಣ್ಣದ ಕೊಕ್ಕರೆಯಾಗಲಿ ಹೆಜ್ಜಾರ್ಲೆಯಾಗಲಿ ನಮ್ಮ ನಾಡಿನವೇ. ವರ್ಷದ ಉಳಿದ ಕಾಲ ದಕ್ಷಿಣ ಭಾರತದ ಕೆರೆ, ಹಿನ್ನೀರುಗಳಲ್ಲಿ ಚದುರಿರುತ್ತವೆ. ಹಾರಿ ಬಂದದ್ದನ್ನೆಲ್ಲ ವಿದೇಶಿಯೆಂದು ಕರೆಯುವ ಈ ಅಭ್ಯಾಸದ ಬಗ್ಗೆ ಮುಂದೆ ಹೇಳುವುದಿದೆ.

* * *

2008ರ ಸೆಪ್ಟೆಂಬರಿನಲ್ಲಿ ನಾನು ಉನ್ನತ ವ್ಯಾಸಂಗಕ್ಕೆಂದು ಸ್ಪೇನಿನ ಅಲ್ಕಲಾ ದೆ ಎನಾರೆಸ್ ಎಂಬ ಊರಿಗೆ ಹೋದೆ. ಮ್ಯಾಡ್ರಿಡ್ ನಗರದಿಂದ ಲೋಕಲ್ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರದ ಹಳೆಯ ವಿಶ್ವವಿದ್ಯಾಲಯದ ಊರದು. ಊರಿನ ಹೆಸರೇ ಅರಬಿ. ‘ಅಲ್ ಖಲ್ಅ’ ಎಂದರೆ ಕೋಟೆ. ನಾವು ಆಡುವ ‘ಕಿಲ್ಲೆ’ಯೂ ಅದೇ ಪದ. ಊರು ತಲುಪಿದ ಮಾರನೆಯ ದಿನ ತಲೆಯೆತ್ತಿ ನೋಡಿದರೆ ಚರ್ಚಿನ ಗೋಪುರಗಳ ಮೇಲೆಲ್ಲ ಕಡ್ಡಿ ಒಟ್ಟಿದ ದೊಡ್ಡ ದೊಡ್ಡ ಗೂಡುಗಳು. ಬಿಳಿ ಕೊಕ್ಕರೆಯ ಗೂಡುಗಳೆಂದು ಸಹಪಾಠಿಯೊಬ್ಬ ಹೇಳಿದ. ನಮ್ಮ ಬಣ್ಣದ ಕೊಕ್ಕರೆಯ ಬಳಗದ್ದೇ ಹಕ್ಕಿ. ಮನೆಯ ನೆನಪಾಗಿ ಗಂಟಲು ಕಟ್ಟಿತು.

ಮೊದಲ ವಾರ ಬಾಡಿಗೆ ಕೋಣೆ ಹುಡುಕುವುದರಲ್ಲೇ ಕಳೆಯಿತು. ಒಬ್ಬರು ಫೋನಿನಲ್ಲಿ ಬನ್ನಿ ಎಂದವರು, ಹೆಸರು ಹೇಳಿದ ಕೂಡಲೇ ಕೋಣೆ ಈಗಷ್ಟೇ ಹೋಯಿತು ಎಂದರು. ನನಗೇನೂ ಆಶ್ಚರ್ಯವಾಗಲಿಲ್ಲ. ಬೆಂಗಳೂರಿನಲ್ಲಿ ಓದುವಾಗ ಈ ಉತ್ತರವನ್ನು ಶುದ್ಧ ಕನ್ನಡದಲ್ಲೇ ಕೇಳಿದ್ದೆ. ಕೊನೆಗೆ ಗಂಡ ತೀರಿಕೊಂಡು ಒಂಟಿಯಾಗಿದ್ದ ಒಬ್ಬ ಅಜ್ಜಿ ತಮ್ಮ ಫ್ಲ್ಯಾಟಿನ ಒಂದು ಕೋಣೆ ಕೊಟ್ಟರು. ಅವರ ಅಡುಗೆಮನೆಯಲ್ಲಿ ಉಪ್ಪು ಹಾಕಿ ಒಣಗಿಸಿದ ಹಂದಿಯ ಇಡೀ ತೊಡೆಯೊಂದು ಮರದ ಸ್ಟ್ಯಾಂಡಿನ ಮೇಲಿತ್ತು. ಅಲ್ಲಿ ಅದು ಮನೆಮನೆಯ ವಸ್ತು. ಅದನ್ನು ತೆಗೆಯಿರಿ ಎನ್ನಲು ನನಗೆ ಯಾವ ಹಕ್ಕೂ ಇರಲಿಲ್ಲ, ನಾನು ಕೇಳಲೂ ಇಲ್ಲ. ಆದರೆ ನಾನು ಎರಡು ದಿನ ಬರೀ ಬ್ರೆಡ್ಡು, ಹಣ್ಣು ತಿನ್ನುವುದನ್ನು ಗಮನಿಸಿದ ಅಜ್ಜಿ, ಮೂರನೆಯ ದಿನ ಒಂದು ಹೊಸ ಬಾಣಲೆ, ಒಂದು ಚಾಕು ತಂದು, ಕಪಾಟಿನ ಒಂದು ಅರೆಯನ್ನು ಖಾಲಿ ಮಾಡಿ, ಇದು ನಿನ್ನದು ಎಂದು ಕೈಸನ್ನೆಯಲ್ಲಿ ಹೇಳಿದರು. ತೊಡೆ ಅಲ್ಲೇ ಇತ್ತು. ನನ್ನ ಬಾಣಲೆಯೂ ಇತ್ತು.

ಅದು ರಂಝಾನ್ ತಿಂಗಳು. ಆ ದಿನಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟರ ಮೇಲೆ. ಸ್ಪೇನಿನವರ ಮಧ್ಯಾಹ್ನದ ಊಟ ಮೂರು ಗಂಟೆಗೆ, ರಾತ್ರಿಯ ಊಟ ಒಂಬತ್ತರ ಮೇಲೆ. ಹೀಗಾಗಿ ನನ್ನ ಇಫ್ತಾರ್ ಮುಗಿಯುವ ಹೊತ್ತಿಗೆ ಅಜ್ಜಿಯ ಊಟ ಶುರುವಾಗುತ್ತಿತ್ತು. ಒಂದೇ ಮೇಜಿನ ಎರಡು ಬದಿ ಕುಳಿತು ತಿನ್ನುತ್ತಿದ್ದೆವು. ನನ್ನ ಸ್ಪ್ಯಾನಿಷ್ ಶುರುವಾದದ್ದು ಆ ಮೇಜಿನ ಮೇಲೆಯೇ. ಸಕ್ಕರೆ ಪೊಟ್ಟಣ ತೋರಿಸಿ ಅವರು ‘ಅಸೂಕಾರ್’ ಎಂದರು. ಸಂಸ್ಕೃತದ ‘ಶರ್ಕರಾ’ ಪರ್ಷಿಯಾ ದಾಟಿ ಅರಬಿಯಲ್ಲಿ ‘ಸುಕ್ಕರ್’ ಆಗಿ, ಅಲ್ಲಿಂದ ಸ್ಪ್ಯಾನಿಷಿಗೆ ಹೋದದ್ದು. ಕಬ್ಬಿನ ಕೃಷಿಯನ್ನು ಸ್ಪೇನಿನ ದಕ್ಷಿಣ ಕರಾವಳಿಗೆ ಒಯ್ದವರೂ ಅರಬರೇ. 1933ರಲ್ಲಿ ಸಕ್ಕರೆ ಕಾರ್ಖಾನೆ ಕಂಡ ಮಂಡ್ಯದ ಹುಡುಗನಿಗೆ ಆ ಪರದೇಶದಲ್ಲಿ ಮೊದಲು ಸಿಕ್ಕ ನೆಂಟ ಈ ಪದ.

ಅಲ್ಲಿ ವಾಸಿಸುವ ಪ್ರತಿಯೊಬ್ಬರೂ ಪುರಸಭೆಯ ನಿವಾಸಿಗಳ ಪಟ್ಟಿಯಲ್ಲಿ ಹೆಸರು ಬರೆಸಬೇಕು. ಅಜ್ಜಿಯೇ ಜೊತೆಗೆ ಬಂದು, ಇವನು ನನ್ನ ಮನೆಯಲ್ಲಿದ್ದಾನೆ ಎಂದು ರುಜು ಹಾಕಿದರು. ಆ ಪಟ್ಟಿಯಲ್ಲಿ ಇರುವವರನ್ನು ಅಲ್ಲಿನ ಕಾನೂನು ‘ವೆಸಿನೊ’ ಎಂದು ಕರೆಯುತ್ತದೆ. ಅರ್ಥ, ನೆರೆಯವನು. ಪ್ರಜೆಯಲ್ಲ, ಅತಿಥಿಯಲ್ಲ, ನೆರೆಯವನು. ಜಿಬ್ರೀಲರು(ಅ) ನೆರೆಯವರ ಹಕ್ಕಿನ ಬಗ್ಗೆ ಎಷ್ಟು ಒತ್ತಿ ಹೇಳಿದರೆಂದರೆ ನೆರೆಯವನನ್ನು ಆಸ್ತಿಗೂ ವಾರಸುದಾರನನ್ನಾಗಿ ಮಾಡಿಬಿಡುತ್ತಾರೇನೋ ಎನಿಸಿತೆಂದು ಪ್ರವಾದಿ(ಸ) ತಿಳಿಸಿದ್ದನ್ನು ಮದ್ರಸದಲ್ಲಿ ಕಲಿತಿದ್ದೆ. ಆ ಕಚೇರಿಯ ಕಾಗದದಲ್ಲಿ ಅದರ ನೆರಳು ಕಂಡಂತಾಯಿತು.

* * *

ಆದರೆ ನಾನು ಹೋದ ವರ್ಷವೇ ಆ ದೇಶದ ಆರ್ಥಿಕತೆ ಕುಸಿಯಿತು. ಅದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ ಎಲ್ಲೆಲ್ಲೂ ಕಟ್ಟಡ ಏಳುತ್ತಿದ್ದಾಗ ಮೊರೊಕ್ಕೊ, ಎಕ್ವಡಾರ್, ರೊಮೇನಿಯಾಗಳಿಂದ ಲಕ್ಷಾಂತರ ಜನ ಕೂಲಿಗೆ ಬಂದಿದ್ದರು. ಕಟ್ಟಡಗಳ ಕೆಲಸ ನಿಂತಿತು. 2008ರ ಕೊನೆಗೆ ಸರಕಾರ ಒಂದು ಯೋಜನೆ ತಂದಿತು: ಕೆಲಸ ಕಳೆದುಕೊಂಡ ಕೆಲವು ದೇಶಗಳ ವಲಸಿಗರು ತಮಗೆ ಬರಬೇಕಾದ ನಿರುದ್ಯೋಗ ಭತ್ಯೆಯನ್ನು ಒಟ್ಟಿಗೆ ಪಡೆದು ತಮ್ಮ ದೇಶಕ್ಕೆ ಮರಳಬಹುದು; ಆದರೆ ಮೂರು ವರ್ಷ ತಿರುಗಿ ಬರಬಾರದು. ಯಾರ ಮೇಲೂ ಬಲವಂತವಿರಲಿಲ್ಲ ನಿಜ. ಆದರೂ ಮಾತು ಸ್ಪಷ್ಟವಾಗಿತ್ತು. ನಿಮ್ಮಿಂದ ಆಗಬೇಕಾದ ಕೆಲಸ ಮುಗಿಯಿತು, ಇನ್ನು ಹೊರಡಿ.

ಆಗ ನನ್ನನ್ನೂ ಒಂದು ಪ್ರಶ್ನೆ ಕಾಡತೊಡಗಿತು. ನಾನು ಶುಲ್ಕ ಕಟ್ಟುತ್ತಿದ್ದೆ, ಬಾಡಿಗೆ ಕೊಡುತ್ತಿದ್ದೆ. ನನ್ನನ್ನು ಸ್ವಾಗತಿಸಿದ್ದು ಅದಕ್ಕಾಗಿಯೇ ಆಗಿದ್ದರೆ ಅದು ಆತಿಥ್ಯವೇ? ಉಪಯೋಗಕ್ಕೆ ಬರುವವನನ್ನು ಬರಮಾಡಿಕೊಳ್ಳುವುದಕ್ಕೂ ಬಂದವನನ್ನು ಬರಮಾಡಿಕೊಳ್ಳುವುದಕ್ಕೂ ವ್ಯತ್ಯಾಸವಿಲ್ಲವೇ?

ನಾನು ಓದುತ್ತಿದ್ದ ಊರಿನ ಇತಿಹಾಸದಲ್ಲೇ ಈ ಪ್ರಶ್ನೆಗೆ ಒಂದು ಕಹಿಯಾದ ಉದಾಹರಣೆ ಇತ್ತು. ಅಲ್ಕಲಾದ ವಿಶ್ವವಿದ್ಯಾಲಯವನ್ನು 1499ರಲ್ಲಿ ಸ್ಥಾಪಿಸಿದವನು ಕಾರ್ಡಿನಲ್ ಸಿಸ್ನೆರೋಸ್. ಅದೇ ವರ್ಷ ಆತ ಗ್ರನಾಡಕ್ಕೆ ಹೋದ. ಏಳು ವರ್ಷಗಳ ಹಿಂದೆ, 1492ರ ಜನವರಿಯಲ್ಲಿ ಗ್ರನಾಡ ಶರಣಾದಾಗ, ಅಲ್ಲಿನ ಮುಸ್ಲಿಮರು ತಮ್ಮ ಧರ್ಮದಲ್ಲೇ ಇರಬಹುದೆಂದು ಲಿಖಿತ ಒಪ್ಪಂದವಾಗಿತ್ತು. ಸಿಸ್ನೆರೋಸ್ ಅದನ್ನು ಬದಿಗೊತ್ತಿ ಸಾಮೂಹಿಕ ಮತಾಂತರ ನಡೆಸಿದ. ಅರಬಿ ಗ್ರಂಥಗಳನ್ನು ರಾಶಿ ಹಾಕಿಸಿ ಚೌಕದಲ್ಲಿ ಸುಡಿಸಿದ. ಆದರೆ ವೈದ್ಯಶಾಸ್ತ್ರದ ಕೆಲವು ಗ್ರಂಥಗಳನ್ನು ಮಾತ್ರ ಬೆಂಕಿಯಿಂದ ಬೇರ್ಪಡಿಸಿ, ತನ್ನ ಹೊಸ ವಿಶ್ವವಿದ್ಯಾಲಯಕ್ಕೆಂದು ಅಲ್ಕಲಾಕ್ಕೆ ಕಳಿಸಿದ. ಅವು ಉಪಯೋಗಕ್ಕೆ ಬರುವ ಪುಸ್ತಕಗಳು!

ಇನ್ನೂ ನೂರು ವರ್ಷ ಕಳೆಯಿತು. ಬಲವಂತದಿಂದ ಕ್ರೈಸ್ತರಾದ ಆ ಮುಸ್ಲಿಮರ ವಂಶದವರನ್ನು ಮೊರಿಸ್ಕೊಗಳೆಂದು ಕರೆಯುತ್ತಿದ್ದರು. 1609ರಿಂದ 1614ರ ನಡುವೆ ಸುಮಾರು ಮೂರು ಲಕ್ಷ ಮೊರಿಸ್ಕೊಗಳನ್ನು ಹಡಗು ಹತ್ತಿಸಿ ದೇಶದಿಂದ ಹೊರಹಾಕಲಾಯಿತು. ಮೊದಲ ಆಜ್ಞೆ ಹೊರಟದ್ದು ವೆಲೆನ್ಸಿಯಾ ಪ್ರಾಂತ್ಯದಲ್ಲಿ. ಆ ಆಜ್ಞೆಯಲ್ಲಿ ಒಂದು ವಿನಾಯಿತಿ ಇತ್ತು. ಪ್ರತಿ ನೂರು ಮನೆಗಳಲ್ಲಿ ಆರು ಮನೆಯವರು ಉಳಿಯಬಹುದು. ಏಕೆ? ಸಕ್ಕರೆಯ ಗಾಣಗಳನ್ನೂ ಭತ್ತದ ಬೆಳೆಯನ್ನೂ ನೀರಿನ ಕಾಲುವೆಗಳನ್ನೂ ನೋಡಿಕೊಳ್ಳಲು, ಮುಂದೆ ಬರುವ ಒಕ್ಕಲುಗಳಿಗೆ ಅವನ್ನು ಕಲಿಸಿಕೊಡಲು. ಸಕ್ಕರೆ, ಭತ್ತ, ನಾಲೆ ಎಂದು ಓದಿದಾಗ ಮಂಡ್ಯ ಜಿಲ್ಲೆಯವನಾದ ನನ್ನ ಮನಸ್ಸಿಗೆ ಏನಾಗಿರಬೇಕು! ತೊಂಬತ್ತನಾಲ್ಕು ಮನೆಯವರು ಬೇಡ, ಆರು ಮನೆಯವರ ಕೈಗಳು ಮಾತ್ರ ಬೇಕು. ಆ ಜನ ಹೊರಗಿನವರೂ ಆಗಿರಲಿಲ್ಲ. ಇಸ್ಲಾಮ್ ಆ ನೆಲಕ್ಕೆ ಬಂದು ಒಂಬೈನೂರು ವರ್ಷಗಳಾಗಿದ್ದವು. ಬಣ್ಣದ ಕೊಕ್ಕರೆಯನ್ನು ಸೈಬೀರಿಯಾದ್ದು ಎನ್ನುವ ಹಾಗೆ ಅವರನ್ನು ಆಫ್ರಿಕಾದವರು ಎಂದರು. ಅಲ್ಕಲಾದಲ್ಲೇ ಹುಟ್ಟಿದ ಸೆರ್ವಾಂಟಿಸ್ ತನ್ನ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯ ಎರಡನೆಯ ಭಾಗದಲ್ಲಿ, 1615ರಷ್ಟು ಹಿಂದೆಯೇ, ಹೊರದಬ್ಬಿಸಿಕೊಂಡು ವೇಷ ಮರೆಸಿ ಹುಟ್ಟೂರಿಗೆ ಮರಳುವ ಮೊರಿಸ್ಕೊ ಅಂಗಡಿಯವನೊಬ್ಬನನ್ನು ತಂದಿದ್ದಾನೆ. ಹಳೆಯ ನೆರೆಯವನಾದ ಸಾಂಚೊ ಅವನ ಗುರುತು ಹಿಡಿದು ಅಪ್ಪಿಕೊಳ್ಳುತ್ತಾನೆ, ಜೊತೆಗೆ ಕುಳಿತು ಉಣ್ಣುತ್ತಾನೆ, ಹಿಡಿದುಕೊಡುವುದಿಲ್ಲ. ಅರಸನ ಆಜ್ಞೆಗಿಂತ ನೆರೆಹೊರೆಯ ನೆನಪು ದೊಡ್ಡದಾಗಬಹುದು.

* * *

ಉಪಯೋಗವನ್ನು ಅಳೆದು ಬಾಗಿಲು ತೆರೆಯುವ ಮನೆಯಲ್ಲಿ ಅತಿಥಿ ಎಂದೂ ನಿಶ್ಚಿಂತೆಯಿಂದ ಮಲಗಲಾರ. ತನ್ನ ಉಪಯೋಗ ಎಂದು ಮುಗಿಯುವುದೋ ಎಂಬ ಲೆಕ್ಕ ಅವನ ತಲೆಯಲ್ಲಿ ನಡೆಯುತ್ತಲೇ ಇರುತ್ತದೆ. ಇಸ್ಲಾಮ್ ಈ ಅಳತೆಯನ್ನು ಒಪ್ಪುವುದಿಲ್ಲ. ಝಕಾತ್ ಪಡೆಯಲು ಹಕ್ಕುಳ್ಳ ಎಂಟು ವರ್ಗಗಳಲ್ಲಿ ಪವಿತ್ರ ಕುರ್‌ಆನ್ ದಾರಿಹೋಕನನ್ನೂ ಸೇರಿಸಿದೆ. ಅವನು ಊರಿಗೆ ಏನು ಕೊಡುತ್ತಾನೆ ಎಂದು ಅಲ್ಲಿ ಕೇಳಿಲ್ಲ. ಅವನು ದಾರಿಯಲ್ಲಿದ್ದಾನೆ, ಅಷ್ಟೇ ಸಾಕು. ಹ. ಇಬ್ರಾಹೀಮರು(ಅ) ಗುರುತಿಲ್ಲದ ಅತಿಥಿಗಳ ಮುಂದೆ ಕರುವಿನ ಮಾಂಸ ತಂದಿಟ್ಟದ್ದು ಅವರು ಯಾರೆಂದು ತಿಳಿಯುವ ಮೊದಲೇ. ಮಕ್ಕಾದ ಹಿಂಸೆ ತಾಳಲಾರದೆ ಮೊದಲ ಮುಸ್ಲಿಮರು ಅಬಿಸೀನಿಯಾಕ್ಕೆ ಹೋದಾಗ ಕುರೈಶರು ಅಲ್ಲಿನ ಕ್ರೈಸ್ತ ದೊರೆ ನಜ್ಜಾಶಿಗೆ ಬೆಲೆಬಾಳುವ ಕಾಣಿಕೆ ಕಳಿಸಿ ಅವರನ್ನು ಒಪ್ಪಿಸೆಂದರು. ಆ ಬಡ ನಿರಾಶ್ರಿತರಿಂದ ದೊರೆಗೆ ಯಾವ ಲಾಭವೂ ಇರಲಿಲ್ಲ. ಲಾಭವೆಲ್ಲ ಕಾಣಿಕೆಯ ಕಡೆಗಿತ್ತು. ಆತ ಕಾಣಿಕೆಯನ್ನೇ ಹಿಂದಿರುಗಿಸಿದ. ಬೆಳ್ಳೂರಿನ ಆ ತಾಯಿ ನನ್ನ ತಂದೆಯ ಹಣವನ್ನು ಹಿಂದಿರುಗಿಸಿದ್ದು ಇದೇ ಜಾತಿಯ ಕೆಲಸವೆಂದು ನನಗೆ ಈಗ ಅನ್ನಿಸುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಬೆಳ್ಳೂರಿನವರಿಗೂ ಲಾಭವಿಲ್ಲವೇ? ಹಿಕ್ಕೆ ಗೊಬ್ಬರವಾಗುತ್ತದೆ, ಸರಕಾರ ಪರಿಹಾರ ಕೊಡುತ್ತದೆ. ನಿಜ. ಆದರೆ ಮೀನಿನ ನಾತ, ಅಂಗಳದ ತುಂಬ ಹಿಕ್ಕೆ, ಕೈಗೆ ಸಿಗದ ಹುಣಸೆ ಫಸಲು, ಇವೂ ಇವೆ. ಪರಿಹಾರದ ಹಣ ಹಣ್ಣಿನ ಬೆಲೆಗೆ ಸಮವಲ್ಲವೆಂಬುದು ಹಳೆಯ ದೂರು. ಮರ ಕಡಿಸಿ ಮಾರಿದವರೂ ಇದ್ದಾರೆ. ಅಲ್ಲಿ ಇರುವವರು ಮನುಷ್ಯರು, ದೇವದೂತರಲ್ಲ. ಆದರೂ ಲಾಭವಿದೆ ಎಂಬ ಮಾತ್ರಕ್ಕೆ ಪ್ರೀತಿ ಸುಳ್ಳಾಗುವುದಿಲ್ಲ. ಸಂಬಂಧದಲ್ಲಿ ಎರಡು ಕಡೆಗೂ ಏನಾದರೂ ಸಿಗುವುದು ತಪ್ಪಲ್ಲ. ಪರೀಕ್ಷೆ ನಡೆಯುವುದು ಲಾಭ ಒಂದು ಕಡೆ, ಅತಿಥಿ ಇನ್ನೊಂದು ಕಡೆ ನಿಂತಾಗ. ತಂದೆ ಹೆಚ್ಚಿನ ಬೆಲೆ ಕೂಗಿದ ಆ ಗಳಿಗೆ ಅಂಥದ್ದು. ಕೂಲಿಗೆ ಬಂದವರಿಗೆ ಕೆಲಸ ತಪ್ಪಿದ 2008 ಕೂಡ ಅಂಥದ್ದೇ.

ಎರಡನೆಯ ಆಕ್ಷೇಪ ಹೆಚ್ಚು ಕಠಿಣವಾದದ್ದು. ಹಕ್ಕಿಯನ್ನು ಪ್ರೀತಿಸುವುದು ಸುಲಭ. ಅದು ನಮ್ಮ ಹೊಲದ ಬೆಳೆ ಮುಟ್ಟುವುದಿಲ್ಲ, ದೂರದ ಕೆರೆಯಲ್ಲಿ ಮೀನು ಹಿಡಿದು ತರುತ್ತದೆ. ಮತ ಕೇಳುವುದಿಲ್ಲ, ಸೈಟು ಕೇಳುವುದಿಲ್ಲ, ಬೇರೆ ದೇವರನ್ನು ಪ್ರಾರ್ಥಿಸುವುದಿಲ್ಲ. ಮನುಷ್ಯ ಹಾಗಲ್ಲ. ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಕೊಕ್ಕರೆಗೆ ಜಾತಿ ಕೇಳದ ನಾವೇ ಬಾಡಿಗೆಗೆ ಬಂದವನಿಗೆ ಜಾತಿ ಕೇಳುತ್ತೇವೆ. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ವಿದ್ಯಾರ್ಥಿಗಳು, ಕೆಲಸಗಾರರು ಬೆಂಗಳೂರಿನಿಂದ ರೈಲು ಹತ್ತಿದರು. 2016ರ ಆರಂಭದಲ್ಲಿ ಅದೇ ನಗರದಲ್ಲಿ, ಯಾರೋ ಮಾಡಿದ ಅಪಘಾತಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತು. ಆಕೆಯೂ ನನ್ನ ಹಾಗೆಯೇ ಓದಲು ಬಂದವಳು. ಆಕೆಯ ತಾಯಿಯೂ ನನ್ನ ಅಮ್ಮಿಯ ಹಾಗೆ ಫೋನಿನ ಮುಂದೆ ಕಾದಿರಬೇಕು.

ದೂರುವಾಗ ನಮ್ಮ ಮನೆಯನ್ನೂ ಬಿಡಬಾರದು. ಗಲ್ಫ್ ರಾಷ್ಟ್ರಗಳಲ್ಲಿ ನಮ್ಮವರು ಮೂವತ್ತು ವರ್ಷ ದುಡಿದರೂ ಕೆಲಸ ಮುಗಿದ ದಿನ ಇಖಾಮವೂ ಮುಗಿಯುತ್ತದೆ. 2017ರಲ್ಲಿ ಸೌದಿ ಅರೇಬಿಯಾ ವಲಸಿಗರ ಮಡದಿ-ಮಕ್ಕಳ ಮೇಲೆ ತಲೆಗಿಷ್ಟು ಎಂದು ಮಾಸಿಕ ಶುಲ್ಕ ಹಾಕಿದಾಗ ಎಷ್ಟೋ ಕುಟುಂಬಗಳು ಊರಿಗೆ ಮರಳಿದವು. ದಾರಿಹೋಕನ ಹಕ್ಕನ್ನು ಜಗತ್ತಿಗೆ ಸಾರಿದ ನೆಲದಲ್ಲೂ ಉಪಯೋಗದ ಅಳತೆಯೇ ನಡೆಯುತ್ತಿದೆ ಎಂದರೆ ದೋಷ ಧರ್ಮದ್ದಲ್ಲ, ನಮ್ಮದು. ನಮ್ಮ ಮೊಹಲ್ಲಾಗಳಲ್ಲಿ ಮನೆ ಖಾಲಿಯಾದಾಗ ನಾವು ಯಾರನ್ನು ಕರೆಯುತ್ತೇವೆ? ನಮಗೆ ಮನೆ ಕೊಡುವುದಿಲ್ಲವೆಂದು ನೊಂದುಕೊಳ್ಳುವ ನಾವು ಒಬ್ಬ ದಲಿತ ಹುಡುಗನಿಗೆ, ಒಬ್ಬ ಬಿಹಾರಿ ಕೂಲಿಯವನಿಗೆ, ಬೇರೆ ಪಂಗಡದ ಮುಸ್ಲಿಮನಿಗೆ ಕೋಣೆ ಕೊಟ್ಟಿದ್ದೇವೆಯೇ? ಈ ಪ್ರಶ್ನೆಯನ್ನು ನಾನು ಮೊದಲು ನನಗೇ ಕೇಳಿಕೊಳ್ಳುತ್ತೇನೆ.

ಅತಿಥಿಗೂ ಕರ್ತವ್ಯಗಳಿವೆ. ಆತಿಥ್ಯ ಮೂರು ದಿನ, ಅದರ ಆಚೆಗಿನದು ದಾನವೆಂದೂ ಆತಿಥೇಯನಿಗೆ ಹೊರೆಯಾಗುವಷ್ಟು ದಿನ ಉಳಿಯಬಾರದೆಂದೂ ಪ್ರವಾದಿ(ಸ) ಕಲಿಸಿದ್ದಾರೆ. ವರ್ಷಗಟ್ಟಲೆ ಇರುವವನು ಅತಿಥಿಯಾಗಿಯೇ ಉಳಿಯುವಂತಿಲ್ಲ. ಅವನು ನೆರೆಯವನಾಗಬೇಕು. ನಾನು ಅಲ್ಲಿ ಮಾಡಿದ್ದು ಸಣ್ಣಪುಟ್ಟದ್ದು. ಭಾಷೆ ಕಲಿತೆ, ಮೆಟ್ಟಿಲು ಗುಡಿಸಿದೆ, ಅಜ್ಜಿಯ ಔಷಧಿ ತಂದುಕೊಟ್ಟೆ, ಮಧ್ಯಾಹ್ನ ಅವರು ಮಲಗುವ ಹೊತ್ತಿನಲ್ಲಿ ಸದ್ದು ಮಾಡದೆ ಇದ್ದೆ. ನನ್ನ ನಮಾಝ್ ಬಿಡಲಿಲ್ಲ, ಅವರೂ ಬಿಡಿಸಲಿಲ್ಲ. ನೆರೆಯವನಾಗುವುದೆಂದರೆ ಅವರ ಹಾಗೆ ಆಗಿಬಿಡುವುದಲ್ಲ. ಬೆಳ್ಳೂರಿನಲ್ಲಿ ಕೊಕ್ಕರೆ ಕೋಳಿಯಾಗಲಿ ಎಂದು ಯಾರೂ ಬಯಸಿಲ್ಲ.

ಅತಿಥಿ ಎಂಬ ಪದಕ್ಕೆ ತಿಥಿ ನೋಡದೆ ಬರುವವನು ಎಂದು ಅರ್ಥ ಹೇಳುತ್ತಾರೆ. ಬೆಳ್ಳೂರಿನವರು ಹಕ್ಕಿಗಳನ್ನು ಹಾಗೆ ಕರೆಯದೆ ತವರಿಗೆ ಬಂದ ಹೆಣ್ಣುಮಕ್ಕಳು ಎನ್ನುತ್ತಾರೆ. ಈ ಮಾತಿನಲ್ಲಿ ಒಂದು ದೊಡ್ಡ ವಿವೇಕವಿದೆ. ತವರಿಗೆ ಬಂದ ಮಗಳು ಮನೆಯ ಯಜಮಾನಿಯಲ್ಲ. ಅವಳು ಹೊರಗಿನವಳೂ ಅಲ್ಲ. ಆಸ್ತಿಯ ಪತ್ರದಲ್ಲಿ ಹೆಸರಿರಲಿ ಬಿಡಲಿ, ಬರುವ ಹಕ್ಕು ಅವಳಿಗಿದೆ. ಬಾಣಂತಿಯಿಂದ ಮನೆಗೆ ಕೆಲಸವಾಗುವುದಿಲ್ಲ; ಅವಳಿಗೇ ಕೆಲಸ ಮಾಡಬೇಕು. ಅವಳು ಅಶಕ್ತಳಾದ ಹೊತ್ತಿನಲ್ಲೇ ತವರು ಅವಳನ್ನು ಕರೆಯುತ್ತದೆ. ಮತ್ತೆ ಅವಳು ಹೊರಟು ಹೋಗುತ್ತಾಳೆಂದು ಯಾರೂ ಕೃತಘ್ನಳೆನ್ನುವುದಿಲ್ಲ. ಉಪಯೋಗದ ಲೆಕ್ಕ ಇಲ್ಲಿ ಪೂರ್ತಿ ತಲೆಕೆಳಗಾಗಿದೆ.

ನಾನು ಅಲ್ಕಲಾ ಬಿಡುವ ದಿನ ಅಜ್ಜಿ ಬಾಗಿಲ ತನಕ ಬಂದು, ನೀನು ಮತ್ತೆ ಬರುವಂತಾಗಲಿ ಎಂದರು. ‘ಆಗಲಿ’ ಎನ್ನಲು ಅವರು ಬಳಸಿದ ಪದ ‘ಒಹಲಾ’. ಅಲ್ಲಾಹನು ಬಯಸಿದರೆ ಎಂಬ ಅರಬಿ ಮಾತು ಸವೆದು ಆ ರೂಪ ತಾಳಿದೆ. ಜನರನ್ನು ಹಡಗು ಹತ್ತಿಸಿ ಕಳಿಸಿದ ದೇಶ, ಅವರ ಪ್ರಾರ್ಥನೆಯನ್ನು ಬಾಯಿಂದ ಹೊರಹಾಕಲು ಆಗಿರಲಿಲ್ಲ. ಅದನ್ನು ಅವರಿಗೆ ತಿಳಿಸುವಷ್ಟು ಭಾಷೆ ಆಗ ನನ್ನಲ್ಲಿತ್ತು. ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ನಾನು ಹುಟ್ಟಿದಾಗಿನಿಂದ ನಿಮ್ಮ ಮಾತನ್ನೇ ಆಡುತ್ತಿದ್ದೇನೆ ಎಂದರು.

ಊರಿಗೆ ಬಂದ ಮೇಲೆ ಇದನ್ನೆಲ್ಲ ತಂದೆಗೆ ಹೇಳಿದೆ. ಅವರು ಎಲ್ಲವನ್ನೂ ಕೇಳಿ, “ಆ ಬೆಳ್ಳೂರಿನ ಅಕ್ಕನಿಗೆ ನಾನು ಅವತ್ತು ಎರಡನೇ ಸಲ ಬೆಲೆ ಏರಿಸಬಾರದಿತ್ತು” ಎಂದರು. ಮನೆಯ ಮಹಡಿಯ ಮೇಲೆ ನಮ್ಮದೊಂದು ಕೋಣೆ ಖಾಲಿಯಿತ್ತು. ಆ ವರ್ಷ ಅದನ್ನು ಬಾಡಿಗೆಗೆ ಕೇಳಿ ಬಂದ ಹುಡುಗನಿಗೆ ತಂದೆ ಹೆಸರಿಗಿಂತ ಮೊದಲು ಊಟವಾಯಿತೇ ಎಂದು ಕೇಳಿದರು.